ರೀನೇಮ್‌ಗೆ ಎರಡು ಲಾಕ್ ಸಾಲದೇ?

ಪ್ರಶ್ನೆ: ಲಿನಕ್ಸ್ ಕರ್ನಲ್‌ನಲ್ಲಿ ಪ್ರತಿ ಡೈರೆಕ್ಟರಿಯ ಐನೋಡ್‌ಗೂ (ಅದರ ವಿವರಗಳಿರುವ ದಾಖಲೆ) ಅದರದೇ ಲಾಕ್ ಇದೆ. ಒಂದು ಡೈರೆಕ್ಟರಿಯಿಂದ ಇನ್ನೊಂದಕ್ಕೆ ರೀನೇಮ್ ಮಾಡುವಾಗ ಆ ಎರಡನ್ನೂ ಹಿಡಿದರೆ ಸಾಲದೇ? ಇಡೀ ಫೈಲ್ ಸಿಸ್ಟಮ್‌ಗೆ ಸೇರಿದ ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರೇ ಹಿಡಿಯಬಲ್ಲ ಲಾಕ್) ಏಕೆ ಬೇಕು?

ಉತ್ತರ: ಸಾಲದು. ಕ ಒಳಗೆ ಖ, ಅದರೊಳಗೆ ಗ ಎಂಬ ಡೈರೆಕ್ಟರಿಗಳಿವೆ ಎನ್ನಿ. ಬೇರೊಂದು ಕಡೆ ಪ ಒಳಗೆ ಫ, ಅದರೊಳಗೆ ಬ. ಒಂದು ಪ್ರೋಸೆಸ್ ಖ-ವನ್ನು ಬ ಒಳಕ್ಕೆ ಸಾಗಿಸಲು ಕ ಮತ್ತು ಬ ಲಾಕ್ ಹಿಡಿಯಿತು. ಅದೇ ಕ್ಷಣಕ್ಕೆ ಇನ್ನೊಂದು ಪ್ರೋಸೆಸ್ ಫ-ವನ್ನು ಗ ಒಳಕ್ಕೆ ಸಾಗಿಸಲು ಪ ಮತ್ತು ಗ ಹಿಡಿಯಿತು. ಎರಡರ ಲಾಕ್‌ಗಳೂ ಬೇರೆ ಬೇರೆ, ಯಾರೂ ಯಾರಿಗೂ ಕಾಯುವುದಿಲ್ಲ. ‘ಡೈರೆಕ್ಟರಿ ತನ್ನೊಳಗೇ ಹೋಗುತ್ತಿದೆಯೇ’ ಎಂಬ ಪರೀಕ್ಷೆಯಲ್ಲಿ ಎರಡೂ ಪಾಸಾಗುತ್ತವೆ. ಕೆಲಸ ಮುಗಿದಾಗ ಖ, ಗ, ಫ, ಬ ಒಂದರೊಳಗೊಂದು ಸೇರಿ ಸುತ್ತು ಬಿದ್ದಿರುತ್ತವೆ. ರೂಟ್‌ನಿಂದ ಅಲ್ಲಿಗೆ ದಾರಿಯೇ ಇಲ್ಲ, ಡಿಸ್ಕ್ ಜಾಗ ಮಾತ್ರ ಹಾಗೇ ಹೋಯಿತು.

ಸೂಪರ್‌ಬ್ಲಾಕ್‌ನಲ್ಲಿರುವ (ಇಡೀ ಫೈಲ್ ಸಿಸ್ಟಮ್‌ನ ವಿವರಗಳಿರುವ ದಾಖಲೆ) ಎಸ್_ವಿಎಫ್‌ಎಸ್_ರೀನೇಮ್_ಮ್ಯೂಟೆಕ್ಸ್ ಇರುವುದು ಇದಕ್ಕೇ. ಅದು ಕೈಯಲ್ಲಿರುವಷ್ಟು ಹೊತ್ತು ಆ ಫೈಲ್ ಸಿಸ್ಟಮ್‌ನಲ್ಲಿ ಬೇರಾರೂ ಡೈರೆಕ್ಟರಿಯನ್ನು ಒಂದು ಪೇರೆಂಟ್‌ನಿಂದ (ಅದನ್ನು ಒಳಗಿಟ್ಟುಕೊಂಡ ಮೇಲಿನ ಡೈರೆಕ್ಟರಿ) ಇನ್ನೊಂದಕ್ಕೆ ಸಾಗಿಸುವಂತಿಲ್ಲ. ಹಾಗಾಗಿ ‘ಯಾವುದು ಯಾವುದರ ಮೇಲಿದೆ’ ಎಂಬುದಕ್ಕೆ ಒಮ್ಮೆ ಸಿಕ್ಕ ಉತ್ತರ ಕೆಲಸ ಮುಗಿಯುವವರೆಗೂ ನಿಜ.

ಕ್ರಮ ತಪ್ಪಬಾರದು: ಮೊದಲು ಮ್ಯೂಟೆಕ್ಸ್, ಆಮೇಲೆ ಎರಡು ಪೇರೆಂಟ್‌ಗಳು. ಒಂದು ಇನ್ನೊಂದರ ಮೇಲಿದ್ದರೆ ಮೇಲಿನದೇ ಮೊದಲು. ಆರ್‌ಎಂಡಿಐಆರ್ (ಡೈರೆಕ್ಟರಿ ಅಳಿಸುವ ಕರೆ) ಕೂಡ ಪೇರೆಂಟ್ ಹಿಡಿದ ನಂತರವೇ ಅಳಿಸಬೇಕಾದ ಡೈರೆಕ್ಟರಿಯನ್ನು ಹಿಡಿಯುತ್ತದೆ. ನೀವು ಉಲ್ಟಾ ಹಿಡಿದರೆ ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ಡೆಡ್‌ಲಾಕ್. ಹೆಸರುಗಳ ಲುಕಪ್ (ಹುಡುಕಾಟ), ಲಾಕ್‌ಗಳು ಸಿಕ್ಕ ಮೇಲೆಯೇ ಆಗಬೇಕು. ಮೊದಲೇ ನೋಡಿಟ್ಟುಕೊಂಡದ್ದು ಅಷ್ಟರಲ್ಲಿ ಅಳಿದುಹೋಗಿರಬಹುದು. ಸಾಗಿಸುತ್ತಿರುವ ಮೂಲ ಡೈರೆಕ್ಟರಿ ಗುರಿಯ ಪೂರ್ವಜವಾಗಿದ್ದರೆ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’, ಗುರಿಯೇ ಮೂಲದ ಪೂರ್ವಜವಾಗಿದ್ದರೆ ‘ಡೈರೆಕ್ಟರಿ ನಾಟ್ ಎಂಪ್ಟಿ’ ಎಂಬ ಎರರ್ ಬರುತ್ತದೆ.

ಒಂದೇ ಡೈರೆಕ್ಟರಿಯೊಳಗಿನ ರೀನೇಮ್‌ಗೆ ಈ ಮ್ಯೂಟೆಕ್ಸ್ ಬೇಡವೇ ಬೇಡ. ಫೈಲನ್ನು ಸುರಕ್ಷಿತವಾಗಿ ಬದಲಿಸುವ ಪ್ರೋಗ್ರಾಂ ಬರೆಯುವವರು ತಾತ್ಕಾಲಿಕ ಫೈಲನ್ನು ಗುರಿಯ ಡೈರೆಕ್ಟರಿಯಲ್ಲೇ ಸೃಷ್ಟಿಸಿ ಅಲ್ಲೇ ರೀನೇಮ್ ಮಾಡುವುದು ಒಳ್ಳೆಯದು. ಬೇರೆ ಕಡೆ ಇಟ್ಟರೆ ಪ್ರತಿ ಸಲವೂ ಎಲ್ಲರೂ ಒಂದೇ ಮ್ಯೂಟೆಕ್ಸ್‌ಗೆ ಸಾಲುಗಟ್ಟಬೇಕಾಗುತ್ತದೆ.

ಪ್ರಶ್ನೆ: ನನ್ನ ಫೈಲ್ ಸಿಸ್ಟಮ್ ಮಾಡ್ಯೂಲ್‌ನಲ್ಲಿ ಪೇರೆಂಟ್, ಚೈಲ್ಡ್ ಎರಡನ್ನೂ ಸರಿಯಾದ ಕ್ರಮದಲ್ಲೇ ಹಿಡಿದರೂ ಲಾಕ್‌ಡೆಪ್ (ಲಾಕ್ ಹಿಡಿಯುವುದರಲ್ಲಿನ ತಪ್ಪು ಪತ್ತೆಹಚ್ಚುವ ಕರ್ನಲ್ ಸಾಧನ) ಎಚ್ಚರಿಕೆ ಕೊಡುತ್ತಿದೆ. ಏಕೆ?

ಉತ್ತರ: ಎರಡೂ ಒಂದೇ ಲಾಕ್ ಕ್ಲಾಸ್‌ಗೆ (ಲಾಕ್‌ಡೆಪ್ ಒಂದೇ ಬಗೆ ಎಂದು ಎಣಿಸುವ ಲಾಕ್‌ಗಳ ಗುಂಪು) ಸೇರಿದ್ದರಿಂದ, ಒಂದೇ ಲಾಕನ್ನು ಎರಡು ಸಲ ಹಿಡಿದಂತೆ ಅದಕ್ಕೆ ಕಾಣುತ್ತದೆ. ಪೇರೆಂಟ್‌ಗೆ ಐನೋಡ್_ಲಾಕ್_ನೆಸ್ಟೆಡ್ ಕರೆದು ಐ_ಮ್ಯೂಟೆಕ್ಸ್_ಪೇರೆಂಟ್ ಎಂಬ ಸಬ್‌ಕ್ಲಾಸ್ ಕೊಡಿ. ಎಚ್ಚರಿಕೆಯನ್ನು ಅಡಗಿಸಲೆಂದು ಸಿಕ್ಕಲ್ಲೆಲ್ಲ ಸಬ್‌ಕ್ಲಾಸ್ ಹಾಕಬೇಡಿ. ನಿಜವಾದ ಡೆಡ್‌ಲಾಕ್ ಕೂಡ ಆಗ ಕಾಣದೆ ಹೋಗುತ್ತದೆ.