ಕಂಪ್ಲೇಂಟ್ ಕೊಟ್ರೆ ಮನೆನೂ ಹೋಗತ್ತೆ, ಮಗಳನ್ನೂ ಕಿತ್ಕೋತಾರೆ ಅಂತ ಭಯ, ಏನ್ ಮಾಡ್ಲಿ?

ಗಂಡ ಕುಡಿದು ಬಂದು ಹೊಡೀತಾನೆ, ಈಗ ಆರು ವರ್ಷದ ಮಗಳಿಗೂ ಬೆಲ್ಟಲ್ಲಿ ಬಾರಿಸಿದಾನೆ, ಆದ್ರೆ ಮನೆ ಅತ್ತೆ ಹೆಸರಲ್ಲಿದೆ ಅಂತ ಬರೆದಿದೀರ. ನನ್ನ ತಂಗಿ ಇದೇ ಭಯದಲ್ಲಿ ನಾಲ್ಕು ವರ್ಷ ಬಾಯಿ ಮುಚ್ಕೊಂಡಿದ್ಲು, ಅದಕ್ಕೇ ಉತ್ತರ ಕೊಡ್ತಿದೀನಿ.

ಮನೆ ಯಾರ ಹೆಸರಲ್ಲೇ ಇರ್ಲಿ, ನೀವು ಸಂಸಾರ ಮಾಡಿದ ಮನೇಲಿ ಇರೋ ಹಕ್ಕನ್ನ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಕೊಡತ್ತೆ. ಅತ್ತೆ ಮಾವನ ಮನೆ ಆದ್ರೂ ಈ ಹಕ್ಕು ಕೇಳ್ಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಕಾಯ್ದೆ ಕೆಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿ, ಮ್ಯಾಜಿಸ್ಟ್ರೇಟ್ ಮನಸ್ಸು ಮಾಡಿದ್ರೆ ಗಂಡನನ್ನೇ ಆಚೆ ಹೋಗು ಅನ್ಬಹುದು. ಅದೇ ಅರ್ಜೀಲಿ ಮಗಳು ಸದ್ಯಕ್ಕೆ ನಿಮ್ಮ ಹತ್ರಾನೇ ಇರ್ಲಿ ಅಂತ ಕೇಳಿ, ಅವನು ಬಂದು ನೋಡೋದ್ರಿಂದ ಮಗೂಗೆ ತೊಂದ್ರೆ ಅನ್ಸಿದ್ರೆ ಕೋರ್ಟ್ ಅದಕ್ಕೂ ಬೇಡ ಅನ್ಬಹುದು. ಮಗೂಗೆ ಹೊಡೆದಿದ್ದು ಬೇರೇನೇ ಅಪರಾಧ, ಬಾಲನ್ಯಾಯ ಕಾಯ್ದೆ 75ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲಾಗಬಹುದು. ಅಪ್ಪ ಹೊಡೆದ್ರೆ ಬುದ್ಧಿ ಕಲಿಸೋಕೆ ಅನ್ನೋರ ಮಾತು ದಯವಿಟ್ಟು ಕೇಳ್ಬೇಡಿ.

ನಾವು ಮೊದ್ಲು ಸ್ಟೇಷನ್‌ಗೆ ಹೋದಾಗ ಗಂಡ ಹೆಂಡ್ತಿ ಜಗಳ, ಕೂತು ಮಾತಾಡ್ಕೊಳ್ಳಿ ಅಂತ ವಾಪಸ್ ಕಳ್ಸಿದ್ರು, ಆಮೇಲೆ ಯಾರೋ ಹೇಳಿ ಸಂರಕ್ಷಣಾಧಿಕಾರಿ (ಇಂಥ ಕೇಸಲ್ಲಿ ಹೆಂಗಸರಿಗೆ ಸಹಾಯ ಮಾಡೋಕೆ ಸರ್ಕಾರ ನೇಮಿಸಿರೋ ಅಧಿಕಾರಿ) ಹತ್ರ ಹೋದ್ವಿ, ಆ ಮೇಡಂ ಯಾವತ್ತು ಏನಾಯ್ತು ಅಂತ ಒಂದೊಂದೇ ಕೇಳಿ ಬರ್ಕೊಂಡು ರಿಪೋರ್ಟ್ ಕೋರ್ಟಿಗೆ ಕಳ್ಸಿದ್ರು. ಮೊದಲ ವಿಚಾರಣೆಯಿಂದ 60 ದಿನದಲ್ಲಿ ಕೋರ್ಟ್ ಕೇಸು ಮುಗಿಸೋಕೆ ಪ್ರಯತ್ನ ಮಾಡ್ಬೇಕು ಅಂತ ಕಾಯ್ದೇಲಿದೆ, ನಮ್ದು ಒಂದು ವರ್ಷದ ಮೇಲೇ ಎಳೀತು. ಹಾಗಾಗಿ ಅರ್ಜಿ ಜೊತೇಲೇ ಮಧ್ಯಂತರ ರಕ್ಷಣಾ ಆದೇಶ (ಕೇಸು ಮುಗಿಯೋವರೆಗೂ ಅವನು ನಿಮಗೆ ಹಿಂಸೆ ಕೊಡಬಾರದು ಅನ್ನೋ ಕೋರ್ಟ್ ಆದೇಶ) ಕೇಳಿ, ತಂಗೀನ ಉಳಿಸಿದ್ದು ಅದೇ. ಅದನ್ನ ಅವನು ಮುರಿದ್ರೆ 1 ವರ್ಷದವರೆಗೆ ಜೈಲು, ಇಲ್ಲಾ 20,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಆದೇಶದ ಕಾಪಿ ನಿಮಗೆ ಫ್ರೀ ಆಗಿ ಕೊಡ್ಬೇಕು, ಯಾವಾಗ್ಲೂ ಬ್ಯಾಗಲ್ಲಿಟ್ಕೊಳ್ಳಿ.

ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನಾಗ್ಬೇಡಿ, ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ರೂ ಉಚಿತ. ಇವತ್ತು ರಾತ್ರೀನೇ ಕೈ ಎತ್ತಿದ್ರೆ ಪೊಲೀಸ್‌ಗೆ 112, ವಿಚಾರಿಸೋಕೆ ಮಹಿಳಾ ಸಹಾಯವಾಣಿ 181, ಮಗಳಿಗೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಇನ್ನೊಂದು. ಬೆಲ್ಟಿನ ಗುರುತು ಮಾಯೋಕೆ ಮುಂಚೆ ಮಗಳನ್ನ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡ್ಹೋಗಿ, ಯಾರು ಹೊಡೆದ್ರು ಅಂತ ನಿಜಾನೇ ಬರೆಸಿ. ನನ್ನ ತಂಗಿ ಬಚ್ಚಲಲ್ಲಿ ಜಾರಿ ಬಿದ್ದೆ ಅಂದುಬಿಟ್ಟಿದ್ಲು, ಆ ಚೀಟೀನೇ ಅವನ ವಕೀಲ ಕೋರ್ಟಲ್ಲಿ ತೋರಿಸಿದ.