ಮೊದಲ ಪರೀಕ್ಷೆಗೂ ಎರಡನೆಯದಕ್ಕೂ ನಡುವೆ

ಮಾನ್ಯರೇ,

ಮರುಪರೀಕ್ಷೆಯನ್ನು ಸಮರ್ಥಿಸಿ ನಮ್ಮ ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ನೀವು ಬರೆದ ಪ್ರತಿಕ್ರಿಯೆಯನ್ನು ಎರಡು ಬಾರಿ ಓದಿದೆ. ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ ಅನುಭವದಿಂದ ನೀವು ಹೇಳುವುದು ಇಷ್ಟು: ಇನ್ನೊಂದು ಅವಕಾಶವಿದೆಯೆಂದು ಗೊತ್ತಾದ ಕೂಡಲೇ ಮಕ್ಕಳು ಮೊದಲ ಪರೀಕ್ಷೆಯನ್ನು ಹಗುರವಾಗಿ ಕಾಣುತ್ತಾರೆ, ಮೊದಲ ಸಲವೇ ಶ್ರಮಪಟ್ಟು ಓದಿದವರಿಗೆ ಅನ್ಯಾಯವಾಗುತ್ತದೆ, ಉತ್ತರಪತ್ರಿಕೆ ತಿದ್ದುವ ಹೊರೆ ಇಮ್ಮಡಿಯಾಗುತ್ತದೆ. ಕೊನೆಯಲ್ಲಿ, "ಪಾಠ ಮಾಡುವುದಕ್ಕೇ ಹೊತ್ತು ಸಾಲದಿರುವಾಗ ಇಷ್ಟೊಂದು ಪರೀಕ್ಷೆಗಳಾದರೂ ಏಕೆ?" ಎಂದು ಕೇಳಿದ್ದೀರಿ. ಆ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.

ಕಲಿಕೆ ಮುಗಿದ ಮೇಲೆ ಅದನ್ನು ತೂಗಿ ನೋಡುವ ತಕ್ಕಡಿ ಎಂದೇ ನಾವು ಪರೀಕ್ಷೆಯನ್ನು ಭಾವಿಸುತ್ತ ಬಂದಿದ್ದೇವೆ. ಆದರೆ ಓದಿದ್ದನ್ನು ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಹೊರತೆಗೆಯುವ ಕೆಲಸವೇ ಆ ನೆನಪನ್ನು ಗಟ್ಟಿ ಮಾಡುತ್ತದೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಕೊಟ್ಟು, ಒಂದು ಗುಂಪಿಗೆ ಅದನ್ನೇ ನಾಲ್ಕು ಅವಧಿ ಓದಿಸಿದರು. ಇನ್ನೊಂದು ಗುಂಪು ಒಂದು ಅವಧಿ ಮಾತ್ರ ಓದಿ, ಉಳಿದ ಮೂರರಲ್ಲಿ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ಬಳಿಕ ಕೇಳಿದಾಗ ಓದಿದವರೇ ಮುಂದಿದ್ದರು: ಅವರಿಗೆ ಶೇ. 83ರಷ್ಟು ನೆನಪಿತ್ತು, ಬರೆದವರಿಗೆ ಶೇ. 71. ಒಂದು ವಾರದ ಬಳಿಕ ಲೆಕ್ಕ ತಿರುವುಮುರುವಾಯಿತು: ಓದಿದವರಲ್ಲಿ ಶೇ. 40 ಉಳಿದಿದ್ದರೆ ಬರೆದವರಲ್ಲಿ ಶೇ. 61 ಉಳಿದಿತ್ತು. ಇದು ಕಾಲೇಜಿನವರ ಮಾತಾಯಿತು, ಮಕ್ಕಳ ವಿಷಯ ಬೇರೆ ಎಂದು ನೀವು ಹೇಳಬಹುದು. ಬಹಳ ಹಿಂದೆಯೇ, 1939ರಲ್ಲಿ, ಹರ್ಬರ್ಟ್ ಸ್ಪಿಟ್ಜರ್ ಆರನೆಯ ತರಗತಿಯ 3,500ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆಸಿದ ಅಧ್ಯಯನವೂ ಇದೇ ದಿಕ್ಕನ್ನು ತೋರಿಸಿತ್ತು. ಓದಿದ ಕೂಡಲೇ ಪರೀಕ್ಷೆ ಬರೆದ ಮಕ್ಕಳಲ್ಲಿ ವಿಷಯ ಹೆಚ್ಚು ಕಾಲ ಉಳಿಯಿತು, ಮರೆತುಹೋದ ಮೇಲೆ ಕೊಟ್ಟ ಪರೀಕ್ಷೆಯಿಂದ ಅಂಥ ಲಾಭ ಸಿಗಲಿಲ್ಲ. ಹಾಗಾಗಿ ಪಾಠದ ಹೊತ್ತನ್ನು ಪರೀಕ್ಷೆ ಕಿತ್ತುಕೊಳ್ಳುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ. ಪಾಠವಾದ ಮರುದಿನ ಐದು ಪ್ರಶ್ನೆಗಳ ಕಿರುಪರೀಕ್ಷೆ ಕೊಟ್ಟರೆ ಅದೂ ಪಾಠದ ಹೊತ್ತೇ.

ಇನ್ನು ಮರುಪರೀಕ್ಷೆ. ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ನಾನೂ ಕೆಲವು ವರ್ಷ ಗಣಿತ ಕಲಿಸಿದವನು. ಭಿನ್ನರಾಶಿಗಳನ್ನು ಕೂಡಿಸುವ ಪಾಠವಾದ ಮೇಲೆ ಒಂದು ಪರೀಕ್ಷೆ ಕೊಟ್ಟೆ. 1/2 + 1/3 ಎಷ್ಟು ಎಂಬುದಕ್ಕೆ ಅನೇಕರು 2/5 ಎಂದು ಬರೆದಿದ್ದರು, ಅಂದರೆ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದರು. ಸರಿಯುತ್ತರವನ್ನು ಹಲಗೆಯ ಮೇಲೆ ಬರೆದು, ಒಂದು ವಾರ ಬಿಟ್ಟು ಹೆಚ್ಚುಕಡಿಮೆ ಅದೇ ಪ್ರಶ್ನೆಪತ್ರಿಕೆಯನ್ನು ಮತ್ತೆ ಕೊಟ್ಟೆ. ಒಬ್ಬ ಹುಡುಗ ಈ ಸಲ 5/6 ಎಂದು ಸರಿಯಾಗಿ ಬರೆದಿದ್ದ. ಸಂತೋಷವಾಯಿತು. ಅದರ ಕೆಳಗಿನ ಲೆಕ್ಕದಲ್ಲಿ ಮಾತ್ರ ನಾನು ಸಂಖ್ಯೆ ಬದಲಿಸಿದ್ದೆ, 1/2 + 1/4. ಅಲ್ಲಿ ಅವನು ಬರೆದದ್ದು 2/6. ಹಲಗೆಯ ಮೇಲಿನ ಉತ್ತರ ಅವನಿಗೆ ಬಾಯಿಪಾಠವಾಗಿತ್ತು, ಅಷ್ಟೇ. ಅವನನ್ನು ಮೇಜಿನ ಬಳಿ ಕರೆದು, ಹತ್ತು ಸೆಂಟಿಮೀಟರ್ ಉದ್ದದ ಎರಡು ಗೆರೆ ಎಳೆಯಲು ಹೇಳಿದೆ. ಒಂದರಲ್ಲಿ ಅರ್ಧವನ್ನು ಗುರುತಿಸಿದ, ಐದು ಸೆಂಟಿಮೀಟರ್. ಇನ್ನೊಂದರಲ್ಲಿ ಮೊದಲ ಪರೀಕ್ಷೆಯ ತನ್ನ ಉತ್ತರ 2/5 ಅನ್ನು, ಐದು ಪಾಲು ಮಾಡಿ ಎರಡು ಪಾಲೆಂದು ಗುರುತಿಸಿದ, ನಾಲ್ಕು ಸೆಂಟಿಮೀಟರ್. ಅಳತೆಪಟ್ಟಿಯನ್ನು ಎರಡೆರಡು ಸಲ ಇಟ್ಟು ನೋಡಿ, "ಅರ್ಧಕ್ಕೆ ಇನ್ನೂ ಸ್ವಲ್ಪ ಕೂಡಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಯ್ತಾ ಸಾರ್?" ಎಂದ.

ಆ ಹುಡುಗ ಭಿನ್ನರಾಶಿ ಕಲಿತದ್ದು ಆ ಕ್ಷಣದಲ್ಲಿ. ಆಮೇಲೆ ಛೇದವನ್ನು ಸಮ ಮಾಡುವುದು ಏಕೆಂದು ಅವನಿಗೆ ಹೇಳಿಕೊಡಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಮೂರು ದಿನದ ನಂತರ ಕೊಟ್ಟ 2/3 + 1/4ಕ್ಕೆ 11/12 ಎಂದು ಬರೆದು, ಪಕ್ಕದಲ್ಲಿ ತಾನಾಗಿಯೇ ಗೆರೆಯ ಚಿತ್ರವನ್ನೂ ಹಾಕಿದ್ದ. 2/5 ಎಂಬ ಆ ತಪ್ಪುತ್ತರದಲ್ಲಿ ನನಗೆ ಬೇಕಾದ ಮಾಹಿತಿಯೆಲ್ಲ ಮೊದಲ ದಿನವೇ ಇತ್ತು. ನಾನು ಅದನ್ನು ಸೊನ್ನೆ ಅಂಕವೆಂದು ಓದಿದ್ದೆ. ನಡುವೆ ಏನನ್ನೂ ಕಲಿಸದೆ, ಅದೇ ಪ್ರಶ್ನೆಗಳನ್ನು ಕೊಟ್ಟು ಮಾಡುವ ಮರುಪರೀಕ್ಷೆಯನ್ನು ನೀವು ವಿರೋಧಿಸುವುದಾದರೆ ನಾನು ನಿಮ್ಮ ಪಕ್ಷವೇ. ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1968ರಲ್ಲಿ ಪೂರ್ಣಪ್ರಭುತ್ವ ಕಲಿಕೆಯ, ಅಂದರೆ ಒಂದು ಪಾಠ ಚೆನ್ನಾಗಿ ಕರಗತವಾದ ಮೇಲೆಯೇ ಮುಂದಿನದಕ್ಕೆ ಹೋಗುವ, ಕ್ರಮವನ್ನು ಮುಂದಿಟ್ಟಾಗಲೂ ಕಿರುಪರೀಕ್ಷೆಯ ಜೊತೆಗೆ, ಎಡವಿದವರಿಗೆ ಬೇರೆ ರೀತಿಯಲ್ಲಿ ಮತ್ತೆ ಕಲಿಸುವುದು ಅದರ ತಿರುಳಾಗಿತ್ತು. ಆ ಕ್ರಮವನ್ನು ಅನುಸರಿಸುವ ತರಗತಿಗಳಲ್ಲಿ ಎರಡನೆಯ ಪರೀಕ್ಷೆ ಅದೇ ಪರಿಕಲ್ಪನೆಯನ್ನು ಬೇರೆ ಪ್ರಶ್ನೆಗಳಿಂದ ಕೇಳುತ್ತದೆ.

ಮಕ್ಕಳು ಸೋಮಾರಿಗಳಾಗುತ್ತಾರೆ ಎಂಬ ನಿಮ್ಮ ಆತಂಕ ನಿಜವಾದದ್ದು. ಕೇಳಿದವರಿಗೆಲ್ಲ ಕೇಳಿದಾಗಲೆಲ್ಲ ಮರುಪರೀಕ್ಷೆ ಕೊಟ್ಟ ಕಡೆ ಹಾಗೆ ಆಗಿರುವುದನ್ನು ನಾನೂ ಕಂಡಿದ್ದೇನೆ. ಎರಡನೆಯ ಪರೀಕ್ಷೆಗೆ ಕೂರಬೇಕಾದರೆ ಮೊದಲನೆಯದರಲ್ಲಿ ತಪ್ಪಿದ ಪ್ರತಿ ಲೆಕ್ಕವನ್ನೂ ಮತ್ತೆ ಮಾಡಿ, ಎಲ್ಲಿ ತಪ್ಪಿದೆ, ಏಕೆ ತಪ್ಪಿದೆ ಎಂದು ತನ್ನ ಮಾತಿನಲ್ಲಿ ಎರಡು ಸಾಲು ಬರೆದು ತೋರಿಸಬೇಕು ಎಂಬ ಒಂದು ನಿಯಮವನ್ನು ಇಟ್ಟು ನೋಡಿ. ಮೊದಲ ಪರೀಕ್ಷೆಗೆ ಓದದೆ ಬಂದವನಿಗೆ ಆಗ ಕೆಲಸ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ, ಮತ್ತು ಇದನ್ನು ಮಕ್ಕಳು ಬಹು ಬೇಗ ಅರಿಯುತ್ತಾರೆ. ಅವಕಾಶ ಒಂದೇ ಸಲ, ಅದೂ ಇಷ್ಟು ದಿನದೊಳಗೆ ಎಂಬುದೂ ಮೊದಲೇ ಗೊತ್ತಿರಲಿ.

ಅನ್ಯಾಯದ ಮಾತಿಗೆ ನನ್ನ ಉತ್ತರ ಚಿಕ್ಕದು. ಪಕ್ಕದವನು ಒಂದು ವಾರ ತಡವಾಗಿ ಭಿನ್ನರಾಶಿ ಕಲಿತರೆ ಮೊದಲೇ ಕಲಿತವನು ಕಳೆದುಕೊಳ್ಳುವುದು ಏನೂ ಇಲ್ಲ. ಇರುವ ಸ್ಥಾನಗಳಿಗೆ ಕೆಲವರನ್ನೇ ಆರಿಸಬೇಕಾದ ವರ್ಷಾಂತ್ಯದ ದೊಡ್ಡ ಪರೀಕ್ಷೆಗಳ ವಿಷಯ ಬೇರೆ. ಅಲ್ಲಿ ಎಲ್ಲರಿಗೂ ಒಂದೇ ನಿಯಮವಿರಬೇಕು. ಕಲಿಕೆಯ ನಡುವೆ ಬರುವ ರೂಪಣಾತ್ಮಕ ಮೌಲ್ಯಮಾಪನವನ್ನೂ ಕೊನೆಯಲ್ಲಿ ಬರುವ ಸಂಕಲನಾತ್ಮಕ ಮೌಲ್ಯಮಾಪನವನ್ನೂ ಮೈಕೆಲ್ ಸ್ಕ್ರಿವೆನ್ 1967ರಲ್ಲೇ ಬೇರ್ಪಡಿಸಿ ಹೆಸರಿಟ್ಟರು, ಆದರೂ ವಾರದ ಕಿರುಪರೀಕ್ಷೆಯನ್ನು ನಾವು ಇಂದಿಗೂ ವರ್ಷಾಂತ್ಯದ ಪರೀಕ್ಷೆಯ ಮರಿಯಂತೆ ನಡೆಸುತ್ತೇವೆ.

ತಿದ್ದುವ ಹೊರೆಯ ಬಗ್ಗೆ ನೀವು ಬರೆದದ್ದನ್ನು ಓದುವಾಗ, ರಾತ್ರಿ ಕೂತು ಕಟ್ಟುಗಟ್ಟಲೆ ಪತ್ರಿಕೆ ತಿದ್ದಿದ ನನ್ನ ದಿನಗಳೇ ನೆನಪಾದವು. ಈ ಹೊರೆಯನ್ನು ಇಳಿಸಲು ಸಾಧ್ಯವಿದೆ. ಪೂರ್ತಿ ಪತ್ರಿಕೆಯನ್ನು ಮತ್ತೆ ಕೊಡಬೇಕಾಗಿಲ್ಲ. ಯಾವ ಪರಿಕಲ್ಪನೆಯಲ್ಲಿ ಮಗು ಎಡವಿತೋ ಅದರ ಮೇಲೆ ಮೂರು ಪ್ರಶ್ನೆ, ಎಡವಿದವರಿಗೆ ಮಾತ್ರ, ಸಾಕು. ದಿನನಿತ್ಯದ ಕಿರುಪರೀಕ್ಷೆಗಳನ್ನು ಮಕ್ಕಳೇ ತಿದ್ದಿಕೊಳ್ಳಲಿ, ಅವಕ್ಕೆ ಅಂಕವೇ ಬೇಡ. ರೂತ್ ಬಟ್ಲರ್ ಅವರ 1988ರ ಅಧ್ಯಯನದಲ್ಲಿ ಬರಹದ ಸಲಹೆಯನ್ನು ಮಾತ್ರ ಪಡೆದ ಮಕ್ಕಳ ಆಸಕ್ತಿಯೂ ಸಾಧನೆಯೂ ಏರಿದವು. ಸಲಹೆಯ ಜೊತೆಗೆ ಅಂಕವನ್ನೂ ಕೊಟ್ಟಾಗ ಆ ಪ್ರಯೋಜನ ಕಾಣಲಿಲ್ಲ. ಅಂಕ ಕಂಡ ಮಗು ಸಲಹೆಯನ್ನು ಓದುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿರುವುದೇ. ಹೀಗೆ ಉಳಿದ ಹೊತ್ತನ್ನು ಮೇಜಿನ ಬಳಿ ಕರೆದು ಮಾತಾಡಿಸಬೇಕಾದ ನಾಲ್ಕು ಮಕ್ಕಳಿಗೆ ಕೊಡಬಹುದು.

ಪತ್ರದ ಅಂಚಿನಲ್ಲಿ ನೀವು ಇನ್ನೊಂದು ಪ್ರಶ್ನೆ ಬರೆದಿದ್ದೀರಿ: ಮರುಪರೀಕ್ಷೆ ಕೊಡುವುದೇ ಆದರೆ ಎರಡರ ಸರಾಸರಿಯನ್ನು ದಾಖಲಿಸಬಹುದೇ? ಬೇಡವೆಂದು ಕೇಳಿಕೊಳ್ಳುತ್ತೇನೆ. ಮೊದಲು 40, ಆಮೇಲೆ 90 ಪಡೆದ ಹುಡುಗಿಯ ಹೆಸರಿನ ಮುಂದೆ 65 ಎಂದು ಬರೆದರೆ, ಆ ಸಂಖ್ಯೆ ಅವಳು ಅಂದು ಅರಿತಿದ್ದನ್ನೂ ಹೇಳುವುದಿಲ್ಲ, ಇಂದು ಅರಿತಿರುವುದನ್ನೂ ಹೇಳುವುದಿಲ್ಲ. ಮುಂದಿನ ವರ್ಷ ಅವಳಿಗೆ ಕಲಿಸುವವರು ಆ ಪಟ್ಟಿಯನ್ನು ನೋಡಿ, ಅವಳಿಗೆ ಅರ್ಧಂಬರ್ಧ ಬರುತ್ತದೆಂದು ತಿಳಿದು ಪಾಠ ಶುರುಮಾಡುತ್ತಾರೆ. ಎರಡನೆಯ ಪತ್ರಿಕೆ ಹೊಸ ಪ್ರಶ್ನೆಗಳದ್ದಾಗಿದ್ದು, ಮೊದಲನೆಯದರಷ್ಟೇ ಕಠಿಣವಾಗಿದ್ದರೆ 90 ಎಂದೇ ಬರೆಯಿರಿ.

ವಿಶ್ವಾಸದೊಂದಿಗೆ,
ಸಂಪಾದಕ