ಸುಖಕ್ಕೂ ಅಳತೆಗೋಲುಂಟೇ?

ಪ್ರಶ್ನೆ: ನನಗೆ ನೆಮ್ಮದಿಯೇ ಸುಖ, ನಮ್ಮವರಿಗೆ ಸದಾ ಹೊಸದೇನಾದರೂ ಬೇಕು. ಯಾರು ಹೆಚ್ಚು ಸುಖಿ ಎಂದು ಅಳೆಯಬಹುದೇ?

ಉತ್ತರ: ಅಳೆಯಬಹುದು, ಪಂದ್ಯ ಮಾತ್ರ ಕಟ್ಟಬೇಡಿ. 1985ರಲ್ಲಿ ಮನಶ್ಶಾಸ್ತ್ರಜ್ಞ ಎಡ್ ಡೀನರ್ ಮತ್ತು ಸಂಗಡಿಗರು ಪ್ರಕಟಿಸಿದ, ಬದುಕಿನ ತೃಪ್ತಿ ಅಳೆಯುವ ಮಾಪಕದಲ್ಲಿ ಇರುವುದು ಐದೇ ಹೇಳಿಕೆ. 'ನನ್ನ ಬದುಕು ನನಗೆ ತೃಪ್ತಿ ತಂದಿದೆ' ಎಂಬುದು ಅವುಗಳಲ್ಲೊಂದು. ಪ್ರತಿಯೊಂದಕ್ಕೂ 1ರಿಂದ (ಸ್ವಲ್ಪವೂ ಒಪ್ಪುವುದಿಲ್ಲ) 7ರವರೆಗೆ (ಪೂರ್ತಿ ಒಪ್ಪುತ್ತೇನೆ) ಅಂಕ ಕೊಟ್ಟು ಕೂಡಿಸಿ. ಮೊತ್ತ 5ರಿಂದ 35ರೊಳಗೆ ಬರುತ್ತದೆ; 20 ನಟ್ಟನಡುವೆ. ತೃಪ್ತಿ ಯಾವುದರಿಂದ ಎಂದು ಅದು ಕೇಳುವುದೇ ಇಲ್ಲ (ಅದರ ಜಾಣ್ಮೆಯೇ ಅದು). ಪ್ರತಿಯೊಬ್ಬರೂ ತಂತಮ್ಮ ತೂಕದ ಕಲ್ಲನ್ನೇ ಇಟ್ಟುಕೊಳ್ಳುತ್ತಾರೆ. ಹಾಗಾಗಿ ನಿಮ್ಮ 26ನ್ನು ಅವರ 24ರ ಪಕ್ಕ ಇಟ್ಟರೆ ಏನೂ ಸಿದ್ಧವಾಗದು. ಜಗಳವಾಡಿದ ಸಂಜೆ ತುಂಬಿದರೆ ಅಂಕ ಇಳಿಯಬಹುದು. ವಾರದ ಅಂತರದಲ್ಲಿ ಮೂರು ಸಲ, ಅದೇ ಹೊತ್ತಿಗೆ, ಒಬ್ಬರದನ್ನೊಬ್ಬರು ನೋಡದೆ ತುಂಬಿ. ಆಮೇಲೆ ಮೊತ್ತ ಬಿಡಿ, ಕಡಿಮೆ ಅಂಕ ಬಿದ್ದ ಹೇಳಿಕೆಯ ಬಗ್ಗೆ ಮಾತಾಡಿ.